ಅಳಿಸಿದ ತಗಡಿನ ಗೋಡೆ ವಾಪಸ್ ಬಂದಿದೆ, ಏನು ಮಾಡಲಿ?

ಹಿಂದಿನ ಸಂಚಿಕೆಯಲ್ಲಿ ಇಮೇಜ್‌ಮ್ಯಾಜಿಕ್ ಬಗ್ಗೆ, ಅಂದರೆ ಕಮಾಂಡ್ ಬರೆದು ಚಿತ್ರಗಳನ್ನು ತಿದ್ದುವ ಸಾಫ್ಟ್‌ವೇರ್ ಬಗ್ಗೆ, ಸ್ವಲ್ಪ ಬರೆದಿದ್ದೆ. ಒಂದೇ ಕಮಾಂಡಿನಲ್ಲಿ ನೂರು ಫೋಟೋಗಳನ್ನು ಸಣ್ಣದು ಮಾಡುವುದು ಹೇಗೆ ಅಂತ. ಅದನ್ನು ಓದಿ ಮನೆಯಲ್ಲಿ, ಅಂಗಡಿಯಲ್ಲಿ ಕೂತು ಪ್ರಯೋಗ ಮಾಡಿದವರ ಪತ್ರಗಳು ಈ ಸಲ ಬಂದಿವೆ. ಓದಿ ತುಂಬಾ ಖುಷಿಯಾಯಿತು. ಬಹಳಷ್ಟು ಪತ್ರಗಳು ಹಿನ್ನೆಲೆ ತೆಗೆದ ಚಿತ್ರಗಳ ಬಗ್ಗೆಯೇ ಇವೆ, ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡಿದ್ದೇನೆ. ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹಾಕಿ, ಆಯ್ಕೆಯ ಹಿಂದಿನ ಅಡ್ಡಗೆರೆ ಮರೆಯಬೇಡಿ.

ಪ್ರಶ್ನೆ: ಮೇಡಂ, ಶಿರಸಿಯಲ್ಲಿ ನಮ್ಮದು ಫ್ಲೆಕ್ಸ್, ಕರಪತ್ರ ಮಾಡುವ ಅಂಗಡಿ. ಯಕ್ಷಗಾನದ ಕರಪತ್ರಕ್ಕೆ ಹನ್ನೆರಡು ವೇಷಗಳ ಫೋಟೋ ಹಿನ್ನೆಲೆ ತೆಗೆದು ಪಿಎನ್‌ಜಿ ಮಾಡಿಟ್ಟಿದ್ದೇವೆ. ಆಟ ಮಾಡಿಸುವವರು ಜೆಪಿಜಿ ಕೇಳಿದರು. ಬದಲಾಯಿಸಿದರೆ ಹತ್ತರಲ್ಲಿ ಹಿನ್ನೆಲೆ ಕಪ್ಪಾಯಿತು. ಇನ್ನೆರಡರಲ್ಲಿ ನಾವು ಅಳಿಸಿದ್ದ ಚೌಕಿಯ (ವೇಷ ಕಟ್ಟುವ ಜಾಗದ) ತಗಡಿನ ಗೋಡೆಯೇ ವಾಪಸ್ ಬಂದಿದೆ! ಬ್ಯಾಕ್‌ಗ್ರೌಂಡ್ ವೈಟ್ ಅಂತ ಕೊಟ್ಟೆ, ಏನೂ ಆಗಲಿಲ್ಲ. ಫ್ಲಾಟನ್ ಕೊಟ್ಟರೆ ಹನ್ನೆರಡೂ ವೇಷ ಒಂದರ ಮೇಲೊಂದು ಕೂತು ಒಂದೇ ಫೈಲ್ ಬಂತು.

ಉತ್ತರ: ಆ ತಗಡಿನ ಗೋಡೆಯನ್ನು ನೀವು ಬರೆದು ತಿಳಿಸಿದ್ದು ಒಳ್ಳೆಯದಾಯಿತು. ತೊಂದರೆ ಏನು ಅನ್ನುವುದನ್ನು ಅದೇ ಹೇಳುತ್ತದೆ.

ಚಿತ್ರದ ಪ್ರತಿ ಚುಕ್ಕಿಗೆ (ಪಿಕ್ಸೆಲ್‌ಗೆ) ಕೆಂಪು, ಹಸಿರು, ನೀಲಿ ಅಂತ ಮೂರು ಸಂಖ್ಯೆ ಇರುತ್ತವೆ. ಪಿಎನ್‌ಜಿಯಲ್ಲಿ ನಾಲ್ಕನೆಯದೊಂದು ಇರಬಹುದು, ಅದೇ ಆಲ್ಫಾ. ಸಾಮಾನ್ಯ 8 ಬಿಟ್ ಚಿತ್ರದಲ್ಲಿ ಅದು 0 ಇದ್ದರೆ ಚುಕ್ಕಿ ಕಾಣುವುದಿಲ್ಲ, 255 ಇದ್ದರೆ ಪೂರ್ತಿ ಕಾಣುತ್ತದೆ. ಇಲ್ಲಿ ಹೆಚ್ಚಿನವರು ತಪ್ಪು ತಿಳಿಯುವುದು ಒಂದೇ ಕಡೆ. ಆಲ್ಫಾ 0 ಆದ ಕೂಡಲೇ ಉಳಿದ ಮೂರು ಸಂಖ್ಯೆ ಅಳಿಸಿ ಹೋದವು ಅಂದುಕೊಳ್ಳುತ್ತಾರೆ. ಹೋಗಿರುವುದಿಲ್ಲ. ಕಾರವಾರದ ಕಡಲತೀರದಲ್ಲಿ ಆಷಾಢದ ಮಳೆ ಹಿಡಿದ ದಿನ ನಿಂತು ನೋಡಿ, ಎದುರಿನ ಕೂರ್ಮಗಡ ಕಾಣುವುದೇ ಇಲ್ಲ. ಮಳೆ ಸರಿದರೆ ದ್ವೀಪ ಇದ್ದಲ್ಲೇ ಇರುತ್ತದೆ. ನಿಮ್ಮ ತಗಡಿನ ಗೋಡೆಯೂ ಹಾಗೇ ಅಲ್ಲೇ ಇತ್ತು.

ಜೆಪಿಜಿಯಲ್ಲಿ ಆ ನಾಲ್ಕನೆಯ ಸಂಖ್ಯೆಗೆ ಜಾಗವೇ ಇಲ್ಲ. ಬದಲಾಯಿಸುವಾಗ ಆಲ್ಫಾ ಬಿದ್ದುಹೋಗುತ್ತದೆ, ಅಡಿಯಲ್ಲಿದ್ದ ಬಣ್ಣ ಮೇಲೆ ಬರುತ್ತದೆ. ಹಿನ್ನೆಲೆ ತೆಗೆಯುವ ಕೆಲವು ಸಾಫ್ಟ್‌ವೇರ್ ಅಡಿಯ ಬಣ್ಣವನ್ನು 0,0,0 ಮಾಡಿ ಬಿಡುತ್ತವೆ, ಅಂದರೆ ಕಪ್ಪು. ಕೆಲವು ಹಳೇ ಬಣ್ಣವನ್ನು ಹಾಗೇ ಬಿಡುತ್ತವೆ. ನಿಮ್ಮ ಹತ್ತು ಚಿತ್ರಗಳನ್ನು ಒಂದು ವಿಧಾನದಲ್ಲಿ ಕತ್ತರಿಸಿ, ಎರಡನ್ನು ಕೈಯಿಂದ ಇರೇಸರ್ ಹಿಡಿದು ಅಳಿಸಿರಬೇಕು, ಅಲ್ವಾ?

ಈಗ ಬ್ಯಾಕ್‌ಗ್ರೌಂಡ್ ವೈಟ್ ಯಾಕೆ ಕೆಲಸ ಮಾಡಲಿಲ್ಲ ಅನ್ನುವುದು. ಅದು ಬಣ್ಣದ ಡಬ್ಬಿಯನ್ನು ಪಕ್ಕದಲ್ಲಿ ತಂದಿಟ್ಟ ಹಾಗೆ. ಹಚ್ಚು ಅಂತ ಬೇರೆಯಾಗಿ ಹೇಳಬೇಕು. ಹಚ್ಚುವ ಆಯ್ಕೆಯ ಹೆಸರು ಆಲ್ಫಾ ರಿಮೂವ್:

ಮ್ಯಾಜಿಕ್ ವೇಷ.ಪಿಎನ್‌ಜಿ -ಬ್ಯಾಕ್‌ಗ್ರೌಂಡ್ ವೈಟ್ -ಆಲ್ಫಾ ರಿಮೂವ್ -ಆಲ್ಫಾ ಆಫ್ ವೇಷ.ಜೆಪಿಜಿ

ಡಬ್ಬಿ ಮೊದಲು, ಹಚ್ಚುವುದು ಆಮೇಲೆ. ಈ ಕ್ರಮ ತಿರುಗಿಸಿದರೆ ಬೇರೆ ಬಣ್ಣ ಬರಬಹುದು. ರಿಮೂವ್ ಅಂದರೆ ಪ್ರತಿ ಚುಕ್ಕಿಯನ್ನು ಅದರ ಆಲ್ಫಾ ಎಷ್ಟಿದೆಯೋ ಅಷ್ಟರ ಲೆಕ್ಕದಲ್ಲಿ ಬಿಳಿಯ ಜೊತೆ ಬೆರೆಸುವುದು. ಅರ್ಧ ಕಾಣುವ ಚುಕ್ಕಿ ಅರ್ಧ ಬಿಳಿಯಾಗುತ್ತದೆ, ಹಾಗಾಗಿ ಕಿರೀಟದ ಅಂಚು, ಕೇದಗೆ ಮುಂದಲೆಯ ಅಂಚು ಎಲ್ಲಾ ನಯವಾಗಿ ಉಳಿಯುತ್ತವೆ. ಆಫ್ ಅಂದರೆ ನಾಲ್ಕನೆಯ ಸಂಖ್ಯೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು. ಬರೀ ಆಫ್ ಕೊಟ್ಟರೆ ತಗಡಿನ ಗೋಡೆ ಮತ್ತೆ ಎದುರಿಗೆ. ಎರಡರ ಹೆಸರೂ ಒಂದೇ ಅರ್ಥ ಕೊಡುವ ಹಾಗೆ ಕೇಳಿಸುತ್ತದೆ, ಎಷ್ಟೋ ಜನ ಎಡವುವುದು ಇಲ್ಲಿಯೇ. ನಿಮ್ಮಲ್ಲಿರುವುದು ಹಳೇ 6ನೇ ಆವೃತ್ತಿಯಾದರೆ ಮ್ಯಾಜಿಕ್ ಬದಲು ಕನ್ವರ್ಟ್ ಅಂತ ಹಾಕಿ, ಉಳಿದದ್ದು ಅದೇ.

ಕರಪತ್ರದ ಕಾಗದ ಹಳದಿ ಅಂತ ಮೊದಲೇ ಗೊತ್ತಿದ್ದರೆ ಬಿಳಿಯ ಜಾಗದಲ್ಲಿ ಆ ಹಳದಿಯನ್ನೇ ಕೊಡಿ. ಅಂಚಿನ ಚುಕ್ಕಿಗಳು ಅದಕ್ಕೇ ಬೆರೆತು ಕೂರುತ್ತವೆ.

ಫ್ಲಾಟನ್ ತಪ್ಪು ಆಯ್ಕೆ ಏನಲ್ಲ. ಓದಿದ ಎಲ್ಲಾ ಚಿತ್ರಗಳನ್ನು ಪದರಗಳೆಂದು ತಿಳಿದು ಒಂದಾಗಿಸುವುದೇ ಅದರ ಕೆಲಸ, ನೀವು ಹನ್ನೆರಡನ್ನೂ ಒಟ್ಟಿಗೆ ಕೊಟ್ಟಿರಿ, ಅದು ಒಂದಾಗಿಸಿತು. ಆಲ್ಫಾ ರಿಮೂವ್ ಒಂದೊಂದು ಚಿತ್ರವನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಹಾಗಾಗಿ ರಾಶಿ ಚಿತ್ರಗಳಿಗೆ ಮಾಗ್ರಿಫೈ (ಒಂದೇ ಸಲಕ್ಕೆ ಹಲವು ಫೈಲುಗಳನ್ನು ಬದಲಾಯಿಸುವ ಕಮಾಂಡ್) ಜೊತೆ ಅದೇ ಸರಿ. ಮೊದಲು ಹೊಸ ಅಂತ ಒಂದು ಫೋಲ್ಡರ್ ಮಾಡಿಕೊಂಡು, ಆಮೇಲೆ:

ಮ್ಯಾಜಿಕ್ ಮಾಗ್ರಿಫೈ -ಪಾತ್ ಹೊಸ -ಫಾರ್ಮ್ಯಾಟ್ ಜೆಪಿಜಿ -ಬ್ಯಾಕ್‌ಗ್ರೌಂಡ್ ವೈಟ್ -ಆಲ್ಫಾ ರಿಮೂವ್ -ಆಲ್ಫಾ ಆಫ್ *.ಪಿಎನ್‌ಜಿ

ಪಾತ್ ಅನ್ನುವುದನ್ನು ಬಿಡಲೇಬೇಡಿ. ಫಾರ್ಮ್ಯಾಟ್ ಬದಲಾಗದ ಕೆಲಸಕ್ಕೆ ಮಾಗ್ರಿಫೈ ಬಳಸಿದಾಗ ಅದು ಮೂಲ ಫೈಲಿನ ಮೇಲೆಯೇ ಬರೆದುಬಿಡುತ್ತದೆ. ಒಂದು ಸಂಜೆಯ ಕತ್ತರಿಸುವ ಕೆಲಸ ಒಂದು ಸೆಕೆಂಡಿನಲ್ಲಿ ಹೋದೀತು.

ಇನ್ನೊಂದು ಮಾತು. ಯಾವ ರಿಪೇರಿಗೂ ಮೊದಲು ಫೈಲಿನ ಒಳಗೆ ಏನಿದೆ ಅಂತ ನೋಡುವ ಅಭ್ಯಾಸ ಮಾಡಿಕೊಳ್ಳಿ. ಎರಡು ಕಮಾಂಡ್ ಸಾಕು. ಮ್ಯಾಜಿಕ್ ವೇಷ.ಪಿಎನ್‌ಜಿ -ಆಲ್ಫಾ ಎಕ್ಸ್‌ಟ್ರ್ಯಾಕ್ಟ್ ಮುಸುಕು.ಪಿಎನ್‌ಜಿ ಅಂತ ಕೊಟ್ಟರೆ ಆಲ್ಫಾ ಮಾತ್ರ ಕಪ್ಪು ಬಿಳುಪು ಚಿತ್ರವಾಗಿ ಬರುತ್ತದೆ. ಬಿಳಿ ಇದ್ದಲ್ಲಿ ಕಾಣುತ್ತದೆ, ಕಪ್ಪು ಇದ್ದಲ್ಲಿ ಕಾಣುವುದಿಲ್ಲ, ಬೂದು ಇದ್ದಲ್ಲಿ ಅರೆಬರೆ. ಎಕ್ಸ್‌ಟ್ರ್ಯಾಕ್ಟ್ ಬದಲು ಆಫ್ ಕೊಟ್ಟು ಇನ್ನೊಂದು ಪಿಎನ್‌ಜಿ ಮಾಡಿದರೆ ಅಡಿಯಲ್ಲಿ ಅಡಗಿದ ಬಣ್ಣ ಕಾಣುತ್ತದೆ. ಈ ಎರಡು ಚಿತ್ರ ಪಕ್ಕಪಕ್ಕ ಇಟ್ಟು ನೋಡಿದರೆ ಮುಕ್ಕಾಲು ಪಾಲು ತೊಂದರೆಗಳ ಕಾರಣ ಅಲ್ಲೇ ಸಿಗುತ್ತದೆ.

ಪ್ರಶ್ನೆ: ಅಕ್ಕಾ, ಅಂಕೋಲೆಯಲ್ಲಿ ನಮ್ಮ ಮನೆಯವರೇ ಸೇರಿ ಕರಿ ಇಶಾಡ ಮಾವಿನ ರಸ ಬಾಟಲಿ ಮಾಡಿ ಮಾರುತ್ತೇವೆ. ಲೇಬಲ್ ದಟ್ಟ ಹಸಿರು. ಅದರ ಮೇಲೆ ಅಜ್ಜಿ ಬರೆದ ಮಾವಿನಮರದ ಕಪ್ಪು ಗೆರೆಚಿತ್ರ, ಮತ್ತೊಂದು ಹಣ್ಣಿನ ಫೋಟೋ. ಫಝ್ (ಹತ್ತಿರದ ಬಣ್ಣಗಳನ್ನೂ ಸೇರಿಸಿಕೊಳ್ಳುವ ಅಳತೆ) 10% ಕೊಟ್ಟು ಬಿಳಿಯನ್ನು ಟ್ರಾನ್ಸ್‌ಪರೆಂಟ್ ಮಾಡಿದೆ. ಎರಡರ ಸುತ್ತಲೂ ಬಿಳಿ ಹುರುಕಿನ ಹಾಗೆ ಅಂಚು ಉಳಿಯುತ್ತದೆ. ಫಝ್ 40ಕ್ಕೆ ಏರಿಸಿದರೆ ಹಣ್ಣಿನ ಹೊಳಪಿನ ಜಾಗದಲ್ಲಿ ತೂತು ಬೀಳುತ್ತದೆ.

ಉತ್ತರ: ಫಝ್ ಏರಿಸುವುದನ್ನು ಇಲ್ಲಿಗೇ ನಿಲ್ಲಿಸಿ. ಆ ದಾರಿಯಲ್ಲಿ ಎಷ್ಟು ಹೋದರೂ ಸರಿಯಾದ ಜಾಗ ಸಿಗುವುದಿಲ್ಲ, ಯಾಕೆ ಅಂತ ಹೇಳುತ್ತೇನೆ.

ಕಾಗದದ ಮೇಲಿನ ಕಪ್ಪು ಗೆರೆಯ ಅಂಚಿನ ಚುಕ್ಕಿಗಳು ಪೂರ್ತಿ ಕಪ್ಪಾಗಿಯೂ ಇರುವುದಿಲ್ಲ, ಬಿಳಿಯಾಗಿಯೂ ಇರುವುದಿಲ್ಲ. ಬೂದು ಇರುತ್ತವೆ, ಕಣ್ಣಿಗೆ ನಯವಾಗಿ ಕಾಣುವುದು ಅದರಿಂದಲೇ. ಟ್ರಾನ್ಸ್‌ಪರೆಂಟ್ ಆಯ್ಕೆ ಚುಕ್ಕಿಯನ್ನು ಇಡುತ್ತದೆ ಅಥವಾ ತೆಗೆಯುತ್ತದೆ, ನಡುವಿನ ದಾರಿ ಅದಕ್ಕೆ ಇಲ್ಲ. ಹಾಗಾಗಿ ಆ ಬೂದು ಚುಕ್ಕಿಗಳು ಬಿಳಿ ಕಾಗದದ ಪಾಲನ್ನು ಹೊತ್ತುಕೊಂಡೇ ಹಸಿರಿನ ಮೇಲೆ ಬಂದು ಕೂರುತ್ತವೆ. ಬಿಳಿ ಲೇಬಲ್ ಆಗಿದ್ದರೆ ನಿಮಗೆ ಗೊತ್ತೂ ಆಗುತ್ತಿರಲಿಲ್ಲ.

ಗೆರೆಚಿತ್ರಕ್ಕೆ ಒಂದು ಚಂದದ ಉಪಾಯ ಇದೆ, ನನಗಂತೂ ಇಮೇಜ್‌ಮ್ಯಾಜಿಕ್‌ನಲ್ಲಿ ಬಹಳ ಇಷ್ಟವಾದದ್ದು. ಬಿಳಿಯನ್ನು ತೆಗೆಯಲು ಹೋಗಬೇಡಿ. ಚಿತ್ರದ ಕಪ್ಪು ಎಷ್ಟಿದೆಯೋ ಅದನ್ನೇ ಆಲ್ಫಾ ಮಾಡಿಬಿಡಿ.

ಮ್ಯಾಜಿಕ್ ಮರ.ಜೆಪಿಜಿ -ನೆಗೇಟ್ -ಲೆವೆಲ್ 15%,85% -ಬ್ಯಾಕ್‌ಗ್ರೌಂಡ್ ಬ್ಲ್ಯಾಕ್ -ಆಲ್ಫಾ ಶೇಪ್ ಮರ.ಪಿಎನ್‌ಜಿ

ನೆಗೇಟ್ ಕಪ್ಪನ್ನು ಬಿಳಿ ಮಾಡುತ್ತದೆ. ಲೆವೆಲ್ ಕಾಗದದ ಮಾಸಲನ್ನು ಪೂರ್ತಿ ಸೊನ್ನೆಗೆ ಇಳಿಸುತ್ತದೆ, ಶಾಯಿ ಗಟ್ಟಿಯಾಗಿ ಬಿದ್ದ ಜಾಗವನ್ನು ಪೂರ್ತಿ ಮೇಲಕ್ಕೆ ಎತ್ತುತ್ತದೆ. ಶೇಪ್ ಆ ಬೆಳಕನ್ನೇ ಆಲ್ಫಾ ಮಾಡಿ, ಎಲ್ಲಾ ಚುಕ್ಕಿಗೂ ಬ್ಯಾಕ್‌ಗ್ರೌಂಡಿನ ಬಣ್ಣ ತುಂಬುತ್ತದೆ. ಮೊದಲಿದ್ದ ಬೂದು ಚುಕ್ಕಿ ಈಗ ಅರ್ಧ ಕಾಣುವ ಅಪ್ಪಟ ಕಪ್ಪು ಆಯಿತು, ಬಿಳಿಯ ಸೋಂಕೇ ಇಲ್ಲ. ದಟ್ಟ ಹಸಿರಿನ ಮೇಲೆ ಕಪ್ಪು ಗೆರೆ ಎದ್ದು ಕಾಣುವುದಿಲ್ಲ ಅನಿಸಿದರೆ ಬ್ಲ್ಯಾಕ್ ಬದಲು ವೈಟ್ ಹಾಕಿ, ಅಜ್ಜಿಯ ಮರ ಬಿಳಿ ಗೆರೆಯಲ್ಲಿ ಬರುತ್ತದೆ. ಕಾಗದ ಹಳೆಯದಾಗಿ ಹಳದಿ ತಿರುಗಿದ್ದರೆ 15 ಇರುವುದನ್ನು 25 ಮಾಡಿ ನೋಡಿ.

ಹಣ್ಣಿನ ಫೋಟೋಗೆ ಇದು ನಡೆಯುವುದಿಲ್ಲ, ಅಲ್ಲಿ ನೂರು ಬಣ್ಣ ಇವೆ. ಅದರ ಮುಸುಕನ್ನು, ಅಂದರೆ ಆಲ್ಫಾವನ್ನು, ಒಂದು ಚುಕ್ಕಿಯಷ್ಟು ಒಳಗೆ ಎಳೆಯಬೇಕು. ಮೊದಲು ಫೋಟೋವನ್ನು ಹಣ್ಣಿನ ಅಂಚಿಗೆ ಹೊಂದಿಸಿ ಕೈಯಿಂದಲೇ ಸರಿಯಾಗಿ ಕತ್ತರಿಸಿಕೊಳ್ಳಿ, ಗಿಂಪ್‌ನಲ್ಲಿ (ಚಿತ್ರ ತಿದ್ದುವ ಸಾಫ್ಟ್‌ವೇರ್) ಹತ್ತು ನಿಮಿಷದ ಕೆಲಸ, ಹೊಳಪಿನ ತೂತು ಆಗುವ ಪ್ರಶ್ನೆಯೇ ಬರುವುದಿಲ್ಲ. ಆಮೇಲೆ:

ಮ್ಯಾಜಿಕ್ ಹಣ್ಣು.ಪಿಎನ್‌ಜಿ -ಚಾನಲ್ ಎ -ಬ್ಲರ್ 0x1 -ಲೆವೆಲ್ 50%,100% +ಚಾನಲ್ ಹಣ್ಣು2.ಪಿಎನ್‌ಜಿ

ಚಾನಲ್ ಎ ಅಂದಾಗ ಮುಂದಿನ ಕೆಲಸ ಆಲ್ಫಾ ಮೇಲೆ ಮಾತ್ರ ನಡೆಯುತ್ತದೆ, ಹಣ್ಣಿನ ಬಣ್ಣ ಮಸುಕಾಗುವುದಿಲ್ಲ. ಬ್ಲರ್ ಅಂಚನ್ನು ಎರಡೂ ಕಡೆ ಹರಡುತ್ತದೆ, ಲೆವೆಲ್ ಹೊರಗಿನ ಅರ್ಧವನ್ನು ಕತ್ತರಿಸಿ ಹಾಕುತ್ತದೆ. ಬಿಳಿ ಅಂಚು ಹೋಗುವುದು ಆ ಹೊರಗಿನ ಅರ್ಧದ ಜೊತೆಗೆ. ಕೊನೆಯ +ಚಾನಲ್ ಬರೆಯಲು ಮರೆತರೆ ಆಮೇಲೆ ಸೇರಿಸಿದ ಕೆಲಸಗಳೂ ಆಲ್ಫಾ ಮೇಲೆಯೇ ನಡೆದು ಗೊಂದಲವಾಗುತ್ತದೆ.

ಪ್ರಶ್ನೆ: ನಾನು ಕಾರವಾರದಲ್ಲಿ ಪದವಿ ಓದುತ್ತಿದ್ದೇನೆ. ದೇವಬಾಗ, ಕಾಳಿ ನದಿಯ ಫೋಟೋ ತೆಗೆಯುತ್ತೇನೆ. ಮೂಲೆಯಲ್ಲಿ ನನ್ನ ಗುರುತನ್ನು 30% ತೆಳುವಾಗಿ ಹಾಕಬೇಕಿತ್ತು. ಆಲ್ಫಾವನ್ನು 30% ಸೆಟ್ ಮಾಡಿದರೆ ಗುರುತಿನ ಸುತ್ತ ಮಂಕು ಚೌಕವೂ ಬರುತ್ತದೆ.

ಉತ್ತರ: ಸೆಟ್ ಅಂದರೆ ಎಲ್ಲಾ ಚುಕ್ಕಿಗೂ ಒಂದೇ ಬೆಲೆ. ಅಕ್ಷರಗಳು 100ರಿಂದ 30ಕ್ಕೆ ಇಳಿದವು, ಸರಿ. ಸುತ್ತಲಿನ ಖಾಲಿ ಜಾಗ 0ಯಿಂದ 30ಕ್ಕೆ ಏರಿತು! ಅಡಿಯಲ್ಲಿ ಅಡಗಿದ್ದ ಕಪ್ಪು ಅಲ್ಲಿ ತೆಳುವಾಗಿ ಇಣುಕುತ್ತಿದೆ. ನಿಮಗೆ ಬೇಕಿರುವುದು ಗುಣಿಸುವುದು, ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ ತಾನೆ.

ಮ್ಯಾಜಿಕ್ ಗುರುತು.ಪಿಎನ್‌ಜಿ -ಚಾನಲ್ ಎ -ಇವ್ಯಾಲ್ಯುಯೇಟ್ ಮಲ್ಟಿಪ್ಲೈ 0.3 +ಚಾನಲ್ ತೆಳು.ಪಿಎನ್‌ಜಿ

ಮ್ಯಾಜಿಕ್ ಕಾಳಿ.ಜೆಪಿಜಿ ತೆಳು.ಪಿಎನ್‌ಜಿ -ಗ್ರಾವಿಟಿ ಸೌತ್‌ಈಸ್ಟ್ -ಜಿಯೊಮೆಟ್ರಿ +20+20 -ಕಾಂಪೋಸಿಟ್ ಕಾಳಿ2.ಜೆಪಿಜಿ

ಎರಡನ್ನೂ ಒಂದೇ ಸಾಲಿನಲ್ಲಿ ಆವರಣ ಹಾಕಿ ಬರೆಯಬಹುದು. ಆದರೆ ಕಲಿಯುವಾಗ ಎರಡು ಹೆಜ್ಜೆಯೇ ಒಳ್ಳೆಯದು, ನಡುವೆ ತೆಳು.ಪಿಎನ್‌ಜಿ ತೆರೆದು ನೋಡಬಹುದಲ್ಲ. ತೆಳು ಮಾಡಿದ್ದನ್ನು ಗೆಳೆಯರಿಗೆ ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಬೇಡಿ, ದಾರಿಯಲ್ಲಿ ಜೆಪಿಜಿ ಆಗಿ ಆಲ್ಫಾ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಫೈಲ್ ಇದ್ದ ಹಾಗೇ ತಲುಪುತ್ತದೆ.

ಪ್ರಶ್ನೆ: ಎಸ್‌ವಿಜಿ ಲೋಗೋವನ್ನು ಪಿಎನ್‌ಜಿ ಮಾಡಿದರೆ ಬಿಳಿ ಹಿನ್ನೆಲೆ ಬರುತ್ತದೆ. ಬ್ಯಾಕ್‌ಗ್ರೌಂಡ್ ನನ್ ಕೊಟ್ಟಿದ್ದೇನೆ. (ಕುಮಟಾದಿಂದ)

ಉತ್ತರ: ಫೈಲ್ ಹೆಸರಿನ ನಂತರ ಕೊಟ್ಟಿರುತ್ತೀರಿ. ಎಸ್‌ವಿಜಿಯಲ್ಲಿ ಚಿತ್ರ ಚುಕ್ಕಿಗಳಾಗಿ ಅಲ್ಲ, ಗೆರೆ ಆಕಾರಗಳ ವಿವರವಾಗಿ ಇರುತ್ತದೆ. ಅದನ್ನು ಓದುವಾಗಲೇ ಚಿತ್ರ ಚುಕ್ಕಿಗಳಾಗಿ ಬದಲಾಗುತ್ತದೆ, ಆಗ ಬಿಳಿ ಹಿನ್ನೆಲೆ ಸೇರಿಯಾಗಿರುತ್ತದೆ. ಮ್ಯಾಜಿಕ್ -ಬ್ಯಾಕ್‌ಗ್ರೌಂಡ್ ನನ್ -ಡೆನ್ಸಿಟಿ 300 ಲೋಗೋ.ಎಸ್‌ವಿಜಿ ಲೋಗೋ.ಪಿಎನ್‌ಜಿ ಅಂತ, ಎರಡೂ ಆಯ್ಕೆ ಹೆಸರಿಗಿಂತ ಮುಂಚೆ.

ಪ್ರಶ್ನೆ: ವಿಂಡೋಸ್‌ನಲ್ಲಿ ಕನ್ವರ್ಟ್ ಅಂತ ಹಾಕಿದರೆ ಇನ್‌ವ್ಯಾಲಿಡ್ ಪ್ಯಾರಾಮೀಟರ್ ಅನ್ನುತ್ತದೆ. ಇನ್‌ಸ್ಟಾಲ್ ತಪ್ಪಾಗಿದೆಯಾ? (ಭಟ್ಕಳದಿಂದ)

ಉತ್ತರ: ಇಲ್ಲ, ಇನ್‌ಸ್ಟಾಲ್ ಸರಿಯಾಗಿಯೇ ಇರಬಹುದು. ವಿಂಡೋಸಿಗೆ ತನ್ನದೇ ಒಂದು ಕನ್ವರ್ಟ್ ಇದೆ, ಡಿಸ್ಕಿನಲ್ಲಿ ಫೈಲ್ ಇಡುವ ಪದ್ಧತಿಯನ್ನು ಫ್ಯಾಟ್‌ನಿಂದ ಎನ್‌ಟಿಎಫ್‌ಎಸ್‌ಗೆ ಬದಲಾಯಿಸುವುದು. ನಿಮಗೆ ಉತ್ತರ ಕೊಟ್ಟದ್ದು ಅದು. 7ನೇ ಆವೃತ್ತಿಯಲ್ಲಿ ಮ್ಯಾಜಿಕ್ ಅಂತಲೇ ಶುರು ಮಾಡಿ. ಬ್ಯಾಚ್ ಫೈಲಿನಲ್ಲಿ (ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಬರೆಯುವಾಗ ಶೇಕಡಾ ಚಿಹ್ನೆಯನ್ನು ಎರಡೆರಡು ಸಲ ಹಾಕಬೇಕು ಅನ್ನುವುದೂ ನೆನಪಿರಲಿ, ಇಲ್ಲವಾದರೆ ಮೇಲಿನ ಲೆವೆಲ್ ಸಾಲು ಕೆಲಸ ಮಾಡುವುದಿಲ್ಲ.

ಪ್ರಶ್ನೆ: ಹೊನ್ನಾವರದಿಂದ. ಚಿಕ್ಕದೊಂದು ಮೊಬೈಲ್ ಆಟ ಮಾಡುತ್ತಿದ್ದೇನೆ. ನಲವತ್ತು ಪಿಎನ್‌ಜಿಗಳಲ್ಲಿ ಕೆಲವಕ್ಕೆ ಆಲ್ಫಾ ಇದೆ, ಕೆಲವಕ್ಕೆ ಇಲ್ಲ ಅಂತ ದೋಷ ಬರುತ್ತದೆ. ಎಲ್ಲದಕ್ಕೂ ಒಂದೇ ಕಮಾಂಡ್ ಕೊಟ್ಟಿದ್ದೆ. ಹಾಗೇ, ಇದಕ್ಕೆ ಆಲ್ಫಾ ಅಂತ ಹೆಸರು ಬಂದದ್ದು ಹೇಗೆ?

ಉತ್ತರ: ಪಿಎನ್‌ಜಿ ಬರೆಯುವಾಗ ಇಮೇಜ್‌ಮ್ಯಾಜಿಕ್ ಸಾಧ್ಯವಾದಷ್ಟು ಚಿಕ್ಕ ರೂಪ ಹುಡುಕುತ್ತದೆ. ಎಲ್ಲಾ ಚುಕ್ಕಿಯೂ ಪೂರ್ತಿ ಕಾಣುವಂತಿದ್ದರೆ ಆಲ್ಫಾ ಸುಮ್ನೆ ಯಾಕೆ ಅಂತ ಬಿಟ್ಟುಬಿಡುತ್ತದೆ. ಔಟ್‌ಪುಟ್ ಹೆಸರಿಗಿಂತ ಮುಂಚೆ ಪಿಎನ್‌ಜಿ32 ಅಂತ ಬರೆದು ಎರಡು ಚುಕ್ಕಿಯ ಕೋಲನ್ ಹಾಕಿ. ಆಗ ನಾಲ್ಕೂ ಸಂಖ್ಯೆ ಕಡ್ಡಾಯ.

ಹೆಸರಿನ ಕತೆ ಚೆನ್ನಾಗಿದೆ. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್ ಈ ನಾಲ್ಕನೆಯ ಸಂಖ್ಯೆಯನ್ನು ಚಿತ್ರದ ಜೊತೆಗೇ ಇಡುವ ಯೋಚನೆ ಮಾಡಿದರು. ಎರಡು ಚಿತ್ರ ಬೆರೆಸುವ ಸೂತ್ರದಲ್ಲಿ ಒಂದರ ಪಾಲನ್ನು ಆಲ್ಫಾ ಅನ್ನುವ ಗ್ರೀಕ್ ಅಕ್ಷರದಿಂದ ಬರೆಯುತ್ತಿದ್ದರು, ಅದೇ ಹೆಸರಾಯಿತು. 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಒಂದರ ಮೇಲೊಂದು ಚಿತ್ರ ಇಡುವ ಲೆಕ್ಕಗಳನ್ನೆಲ್ಲ ಕ್ರಮವಾಗಿ ಬರೆದರು. ಅವರು ಬಣ್ಣವನ್ನು ಆಲ್ಫಾದಿಂದ ಮೊದಲೇ ಗುಣಿಸಿ ಇಟ್ಟುಕೊಳ್ಳುವ ಪದ್ಧತಿ ಹಿಡಿದರು. ಪಿಎನ್‌ಜಿಯಲ್ಲಿ ಗುಣಿಸದೆ ಇಡುತ್ತಾರೆ. ಆಟ ಮಾಡುವವರಿಗೆ ಇದು ಮುಖ್ಯ: ಗುಣಿಸಿಟ್ಟ ಚಿತ್ರವನ್ನು ಗುಣಿಸದ್ದು ಅಂತ ಓದಿದರೆ ಅಂಚು ಎರಡು ಸಲ ಗುಣಿಸಿ ಕಪ್ಪಾಗುತ್ತದೆ. ನಿಮ್ಮ ಪಾತ್ರಗಳ ಸುತ್ತ ತೆಳು ಕಪ್ಪು ಗೆರೆ ಕಂಡರೆ ಚಿತ್ರವನ್ನು ತಿದ್ದಲು ಹೋಗಬೇಡಿ, ಗೇಮ್ ಇಂಜಿನ್ನಿನಲ್ಲಿ ಪ್ರಿಮಲ್ಟಿಪ್ಲೈಡ್ ಅನ್ನುವ ಆಯ್ಕೆ ಹೇಗಿದೆ ನೋಡಿ.

ಪ್ರಶ್ನೆ: ಯಲ್ಲಾಪುರದ ಕಡೆ ಒಂದು ಸಹಕಾರಿ ಸಂಘದಲ್ಲಿ ಕೆಲಸ ಮಾಡುತ್ತೇನೆ. ಪತ್ರಗಳ ಮೇಲೆ ಅಧ್ಯಕ್ಷರ ಸಹಿ, ನೇರಳೆ ಸೀಲು ಕೂರಿಸಬೇಕು. ಸ್ಕ್ಯಾನ್ ಮಾಡಿದ ಹಾಳೆಯಲ್ಲಿ ಪಕ್ಕದಲ್ಲೇ ಸದಸ್ಯರೊಬ್ಬರ ಖಾತೆ ನಂಬರ್ ಇತ್ತು. ಗಿಂಪ್‌ನಲ್ಲಿ ಇರೇಸರಿನಿಂದ ಅಳಿಸಿ ಪಿಎನ್‌ಜಿ ಮಾಡಿದ್ದೇನೆ. ಇದನ್ನು ಬೇರೆ ಶಾಖೆಗಳಿಗೂ ಕಳಿಸಬಹುದಾ?

ಉತ್ತರ: ದಯವಿಟ್ಟು ಕಳಿಸಬೇಡಿ. ಶಿರಸಿಯವರ ತಗಡಿನ ಗೋಡೆಯನ್ನು ಮೇಲೆ ಓದಿದಿರಲ್ಲ, ಆ ಖಾತೆ ನಂಬರ್ ಕೂಡ ಹಾಗೇ ಅಡಿಯಲ್ಲಿ ಕೂತಿರಬಹುದು. ಗಿಂಪ್‌ನಲ್ಲಿ ಪಿಎನ್‌ಜಿ ಎಕ್ಸ್‌ಪೋರ್ಟ್ ಮಾಡುವಾಗ ಕಾಣದ ಚುಕ್ಕಿಗಳ ಬಣ್ಣವನ್ನೂ ಉಳಿಸುವ ಆಯ್ಕೆ ಒಂದಿದೆ. ಅದಕ್ಕೆ ಟಿಕ್ ಇದ್ದರೆ, ಯಾರಾದರೂ ಆಲ್ಫಾ ಆಫ್ ಕೊಟ್ಟು ತೆರೆದ ಕೂಡಲೇ ನಂಬರ್ ಓದಬಹುದು. ಒಮ್ಮೆ ನನಗೇ ಒಂದು ಕಡೆಯಿಂದ ಅಳಿಸಿದ ಬಿಲ್ ಬಂದಿತ್ತು. ಬೇರೇನೋ ಪರೀಕ್ಷೆ ಮಾಡಲು ಆಲ್ಫಾ ಆಫ್ ಮಾಡಿದೆ, ಯಾರದೋ ಫೋನ್ ನಂಬರ್, ವಿಳಾಸ ಎಲ್ಲಾ ಎದುರಿಗೆ ಬಂತು. ಕೈಕಾಲು ತಣ್ಣಗಾಯಿತು. ಕಳಿಸಿದವರಿಗೆ ಕೂಡಲೇ ಫೋನ್ ಮಾಡಿ ತಿಳಿಸಿದೆ.

ಆಲ್ಫಾ ಬ್ಯಾಕ್‌ಗ್ರೌಂಡ್ ಅನ್ನುವ ಆಯ್ಕೆ ಪೂರ್ತಿ ಕಾಣದ ಚುಕ್ಕಿಗಳ ಅಡಗಿದ ಬಣ್ಣವನ್ನು ಒಂದೇ ಬಣ್ಣ ಮಾಡುತ್ತದೆ, ನಿಜ. ಆದರೆ ಮೆತ್ತನೆಯ ಇರೇಸರಿನಲ್ಲಿ ಅರೆಬರೆ ಅಳಿದ ಚುಕ್ಕಿಗಳನ್ನು ಅದು ಮುಟ್ಟುವುದಿಲ್ಲ. ಗುಟ್ಟಿನ ವಿಷಯಕ್ಕೆ ಅದನ್ನು ನಂಬುವುದು ಬೇಡ. ಬಿಳಿ ಹಾಳೆಯ ಮೇಲೆ ಸಹಿ, ಸೀಲು ಹೊಸದಾಗಿ ಹಾಕಿಸಿ, ಅಷ್ಟನ್ನೇ ಸ್ಕ್ಯಾನ್ ಮಾಡಿ, ಸುತ್ತಲಿನದನ್ನು ಕ್ರಾಪ್ ಮಾಡಿ, ಕ್ರಾಪ್ ನಂತರ, ಹಳೇ ಹಾಳೆಯ ಅಳತೆಯ ನೆನಪನ್ನು ಅಳಿಸುವ +ರೀಪೇಜ್ ಕೊಡಿ.

ನಿಮ್ಮ ಕೆಲಸಕ್ಕೆ ಆಲ್ಫಾವೇ ಬೇಕಿಲ್ಲ ಅನ್ನುವುದು ಇನ್ನೂ ಒಳ್ಳೆಯ ಸುದ್ದಿ. ಪತ್ರದ ಮೇಲೆ ಸ್ಕ್ಯಾನನ್ನು ಮಲ್ಟಿಪ್ಲೈ ರೀತಿಯಲ್ಲಿ ಇಟ್ಟರೆ ಬಿಳಿ ಕಾಗದ ತಾನಾಗಿ ಮಾಯವಾಗುತ್ತದೆ, ಸಹಿಯ ನೀಲಿ, ಸೀಲಿನ ನೇರಳೆ ತಮ್ಮ ಬಣ್ಣದಲ್ಲೇ ಉಳಿಯುತ್ತವೆ:

ಮ್ಯಾಜಿಕ್ ಪತ್ರ.ಪಿಎನ್‌ಜಿ ಸೀಲು.ಜೆಪಿಜಿ -ಗ್ರಾವಿಟಿ ಸೌತ್‌ಈಸ್ಟ್ -ಜಿಯೊಮೆಟ್ರಿ +150+200 -ಕಂಪೋಸ್ ಮಲ್ಟಿಪ್ಲೈ -ಕಾಂಪೋಸಿಟ್ ಕಳಿಸಲು.ಪಿಎನ್‌ಜಿ

ಕಾಗದ ಮಾಸಲು ಬಂದಿದ್ದರೆ ಸ್ಕ್ಯಾನಿಗೆ ಮೊದಲು -ಲೆವೆಲ್ 0%,85% ಕೊಟ್ಟು ಬಿಳಿ ಮಾಡಿಕೊಳ್ಳಿ. ಸೀಲಿನ ಫೈಲ್ ಸಂಘದ ಕಂಪ್ಯೂಟರಿನಲ್ಲೇ ಇರಲಿ, ಶಾಖೆಗಳಿಗೆ ಹೋಗುವುದು ಮುಗಿದ ಪತ್ರ ಮಾತ್ರ. ಮತ್ತೆ ಆ ಹಳೇ ಪಿಎನ್‌ಜಿ ಈಗಾಗಲೇ ಯಾರಿಗಾದರೂ ಹೋಗಿದ್ದರೆ ಇವತ್ತೇ ಅವರಿಗೆ ಫೋನ್ ಮಾಡಿ ಅಳಿಸಲು ಹೇಳಿ, ಆ ಸದಸ್ಯರಿಗೂ ವಿಷಯ ತಿಳಿಸಿ.